ಗೋಲು ಹೊಡೆಯದವನ ಲೆಕ್ಕ

ಹಾಸನದ ಓದುಗರೊಬ್ಬರು ಬರೆಯುತ್ತಾರೆ: “ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಫುಟ್‌ಬಾಲ್ ಡಿಫೆಂಡರ್ ಲಿಲಿಯನ್ ತುರಾಮ್ ಬಗ್ಗೆ ನಾಲ್ಕು ಪುಟಗಳ ಲೇಖನ ಪ್ರಕಟಿಸಿದ್ದೀರಿ. ದೇಶಕ್ಕಾಗಿ 142 ಪಂದ್ಯ ಆಡಿ ಎರಡೇ ಎರಡು ಗೋಲು ಹೊಡೆದ ಆಟಗಾರ ಈತ. ಅದೇ ತಂಡದ ಜಿದಾನನಿಗೆ ನೀವು ಕೊಟ್ಟದ್ದು ಒಂದು ಚಿತ್ರ ಮಾತ್ರ. ಫುಟ್‌ಬಾಲನ್ನು ಗೋಲಿನಿಂದ ಅಳೆಯದೆ ಮತ್ತಾವುದರಿಂದ ಅಳೆಯುವುದು? ಸಾಲದ್ದಕ್ಕೆ, ಆಟ ಬಿಟ್ಟ ಮೇಲೆ ಆತ ವರ್ಣಭೇದದ ಬಗ್ಗೆ ಆಡಿದ ಮಾತುಗಳಿಗೆ ಒಂದು ಪೂರ್ತಿ ಪುಟ. ಆಟಗಾರ ಆಡಿದರೆ ಸಾಕಲ್ಲವೇ?”

ಪ್ರಿಯ ಓದುಗರೇ,

ಪುಟ, ಪಂದ್ಯ, ಗೋಲು ಮೂರನ್ನೂ ಎಣಿಸಿ ನೋಡಿ ಸಂಪಾದಕನನ್ನು ತರಾಟೆಗೆ ತೆಗೆದುಕೊಳ್ಳುವ ಓದುಗರು ಎಲ್ಲ ಪತ್ರಿಕೆಗಳಿಗೂ ಸಿಗುವುದಿಲ್ಲ. ಆದ್ದರಿಂದ ಮೊದಲು ನಿಮಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಗೋಲಿಲ್ಲದೆ ಯಾರೂ ಪಂದ್ಯ ಗೆಲ್ಲುವುದಿಲ್ಲ. 1998ರ ಜುಲೈ 12ರಂದು ಬ್ರೆಜಿಲ್ ವಿರುದ್ಧದ ವಿಶ್ವಕಪ್ ಫೈನಲಿನಲ್ಲಿ ಎರಡು ಬಾರಿ ಚೆಂಡಿಗೆ ತಲೆಕೊಟ್ಟು ಗೋಲು ಗಳಿಸಿದ ಜಿನೆದಿನ್ ಜಿದಾನ್ ದೊಡ್ಡ ಆಟಗಾರ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಆದರೆ ಅದನ್ನು ಜಗತ್ತಿನ ಎಲ್ಲ ಪತ್ರಿಕೆಗಳೂ ಹೇಳಿ ಮುಗಿಸಿರುವಾಗ ನಾನೂ ದನಿಗೂಡಿಸುವ ತುರ್ತು ನನಗೆ ಕಾಣಲಿಲ್ಲ. ನಿಮ್ಮ ಪಕ್ಷದ ಮಾತು ಇಲ್ಲಿಗೆ ಆಯಿತು. ಇನ್ನು ನನ್ನದು.

ನೀವು ಎಣಿಸಿದ ಆ ಎರಡು ಗೋಲುಗಳಿಂದಲೇ ಆರಂಭಿಸೋಣ. ಅವೆರಡೂ ಒಂದೇ ಪಂದ್ಯದಲ್ಲಿ, 25 ನಿಮಿಷಗಳೂ ತುಂಬದ ಅಂತರದಲ್ಲಿ ಬಂದವು. 1998ರ ಜುಲೈ 8, ಪ್ಯಾರಿಸ್ಸಿನ ಹೊರವಲಯದ ಸ್ತಾದ್ ದ ಫ್ರಾನ್ಸ್, ಕ್ರೊಯೇಷಿಯಾ ವಿರುದ್ಧ ಸೆಮಿಫೈನಲ್. ನಮ್ಮ ಗಡಿಯಾರದಲ್ಲಿ ಆಗ ನಡುರಾತ್ರಿ ಕಳೆದಿತ್ತು. ವಿರಾಮ ಮುಗಿದು ಆಟ ಶುರುವಾದೊಡನೆ ಕ್ರೊಯೇಷಿಯಾದ ದಾವೋರ್ ಸೂಕರ್ ಫ್ರೆಂಚ್ ರಕ್ಷಣೆಯ ಹಿಂದೆ ನುಗ್ಗಿ ಗೋಲು ಹೊಡೆದರು. ಉಳಿದ ಡಿಫೆಂಡರುಗಳೆಲ್ಲ ಮುಂದೆ ಸರಿದಿದ್ದಾಗ ಒಬ್ಬರು ಮಾತ್ರ ಹಿಂದೆ ಉಳಿದಿದ್ದರು, ಹಾಗಾಗಿ ಸೂಕರ್ ಆಫ್‌ಸೈಡ್ (ಪಾಸು ಹೊರಟಾಗ ಎದುರಾಳಿಯ ರಕ್ಷಣಾ ಸಾಲನ್ನು ದಾಟಿ ನಿಂತಿರುವ ತಪ್ಪು) ಆಗಲಿಲ್ಲ. ಹಿಂದೆ ಉಳಿದವರು ತುರಾಮ್. ನಿಮಿಷ ಕಳೆಯುವುದರೊಳಗೆ ಅದೇ ತುರಾಮ್ ಕ್ರೊಯೇಷಿಯಾದ ನಾಯಕ ಬೋಬನ್ ಕಾಲಿನಿಂದ ಚೆಂಡನ್ನು ಕಿತ್ತುಕೊಂಡು, ಸಹ ಆಟಗಾರ ಜೋರ್ಕಾಯೆಫ್‌ಗೆ ದಾಟಿಸಿ, ಮರಳಿ ಪಡೆದು ಗೋಲಿಗೆ ಹೊಡೆದರು. ಎಪ್ಪತ್ತನೆಯ ನಿಮಿಷದ ಹೊತ್ತಿಗೆ ಮತ್ತೊಮ್ಮೆ, ಈ ಬಾರಿ ಪೆನಾಲ್ಟಿ ಪ್ರದೇಶದ ಅಂಚಿನಿಂದ, ಎಡಗಾಲಿನಲ್ಲಿ. ಆಮೇಲೆ ಮೊಣಕಾಲೂರಿ ಕುಳಿತು, ತುಟಿಯ ಮೇಲೆ ಬೆರಳಿಟ್ಟು, ಇದು ಹೇಗಾಯಿತೆಂದು ತಾನೇ ಯೋಚಿಸುತ್ತಿರುವವರಂತೆ ಕಂಡ ಆ ಚಿತ್ರ ಫ್ರಾನ್ಸಿನಲ್ಲಿ ಇಂದಿಗೂ ಎಲ್ಲರಿಗೂ ಪರಿಚಿತ.

ಈ ಎರಡು ಗೋಲುಗಳಿಲ್ಲದಿದ್ದರೆ ಜುಲೈ 12ರ ಫೈನಲ್ ಫ್ರಾನ್ಸಿಗೆ ದಕ್ಕುತ್ತಿತ್ತೋ ಇಲ್ಲವೋ ಎಂದು ವಾದಿಸಿ ನಿಮ್ಮನ್ನು ಸುಲಭವಾಗಿ ಸೋಲಿಸಬಹುದು. ಆದರೆ ಆ ವಾದ ನನಗೆ ಬೇಡ. ಗೋಲು ಹೊಡೆದದ್ದಕ್ಕಾಗಿ ತುರಾಮ್ ದೊಡ್ಡವರು ಎಂದರೆ ನಿಮ್ಮ ತಕ್ಕಡಿಯನ್ನೇ ನಾನು ಕೈಗೆತ್ತಿಕೊಂಡಂತಾಗುತ್ತದೆ. ನನ್ನ ಕಣ್ಣು ಬೇರೊಂದು ಅಂಕಿಯ ಮೇಲಿದೆ. ಆ ವಿಶ್ವಕಪ್‌ನ ಏಳು ಪಂದ್ಯಗಳಲ್ಲಿ ಫ್ರಾನ್ಸ್ ಬಿಟ್ಟುಕೊಟ್ಟದ್ದು ಎರಡೇ ಗೋಲು. ಅವುಗಳಲ್ಲಿ ಒಂದು ಡೆನ್ಮಾರ್ಕ್ ವಿರುದ್ಧ ಪೆನಾಲ್ಟಿಯಲ್ಲಿ ಹೋದದ್ದು, ಆ ದಿನ ತುರಾಮ್ ಆಡಲೇ ಇಲ್ಲ. ಬಲಕ್ಕೆ ತುರಾಮ್, ನಡುವೆ ಲೊರಾಂ ಬ್ಲಾಂ ಮತ್ತು ಮಾರ್ಸೆಲ್ ದೆಸೈಯಿ, ಎಡಕ್ಕೆ ಲಿಜಾರಾಜು, ಹಿಂದೆ ಗೋಲ್‌ಕೀಪರ್ ಬಾರ್ತೆಜ್ ನಿಂತ ಆ ಗೋಡೆಯನ್ನು ದಾಟಿ ಇಡೀ ಪಂದ್ಯಾವಳಿಯಲ್ಲಿ ಒಳಹೋದದ್ದು ಸೂಕರ್ ಒಬ್ಬರ ಚೆಂಡು. ಎರಡು ಗೋಲನ್ನು ಎಣಿಸಿದ ನೀವು ಆಗದೇ ಹೋದ ಗೋಲುಗಳನ್ನು ಎಣಿಸಲಿಲ್ಲ. ಎಣಿಸಲು ಬರುವುದೂ ಇಲ್ಲ, ಅದೇ ಡಿಫೆಂಡರನ ದುರದೃಷ್ಟ. ಕೆರೆಯ ಏರಿ ನೂರು ಮಳೆಗಾಲ ನಿಂತರೂ ಊರಿಗೆ ಅದರ ನೆನಪಾಗುವುದು ಒಡೆದ ದಿನ ಮಾತ್ರ.

ಆ ಪಂದ್ಯಾವಳಿಯಲ್ಲಿ ಶ್ರೇಷ್ಠ ಆಟಗಾರನಿಗೆ ಕೊಡುವ ಚಿನ್ನದ ಚೆಂಡು ಬ್ರೆಜಿಲ್‌ನ ರೊನಾಲ್ಡೊಗೆ, ಬೆಳ್ಳಿಯದು ಸೂಕರ್‌ಗೆ, ಕಂಚಿನದು ತುರಾಮ್‌ಗೆ ಸಂದಿತು. ಆ ಎರಡು ಗೋಲು ಇಲ್ಲದಿದ್ದರೆ ತೀರ್ಪುಗಾರರಿಗೆ ಅವರ ಹೆಸರು ಹೊಳೆಯುತ್ತಿತ್ತೇ? ನನಗೆ ಅನುಮಾನ. ಡಿಫೆಂಡರನನ್ನು ಗುರುತಿಸಬೇಕಾದರೂ ಆತ ತನ್ನ ಕೆಲಸ ಬಿಟ್ಟು ಇನ್ನೊಬ್ಬರ ಕೆಲಸ ಮಾಡಬೇಕು!

ಬಂದ ದಾರಿಯನ್ನೂ ನೋಡಿ. ತುರಾಮ್ ಹುಟ್ಟಿದ್ದು 1972ರ ಜನವರಿ 1ರಂದು, ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪ ಗ್ವಾದೆಲೂಪಿನಲ್ಲಿ. ಐದು ಮಕ್ಕಳನ್ನು ಒಬ್ಬರೇ ಸಾಕಿದ ತಾಯಿ ಕೆಲಸ ಹುಡುಕಿಕೊಂಡು ಫ್ರಾನ್ಸಿಗೆ ಮೊದಲು ಹೊರಟರು, 1981ರಲ್ಲಿ ಮಕ್ಕಳನ್ನು ಕರೆಸಿಕೊಂಡರು. ಫೊಂತೆನ್‌ಬ್ಲೊ ಪಕ್ಕದ ಆವೊಂ ಪಟ್ಟಣದ ವಲಸಿಗರ ಬಡಾವಣೆಯಲ್ಲಿ ಬೆಳೆದ ಹುಡುಗ ಆಗ ಡಿಫೆಂಡರ್ ಆಗಿರಲಿಲ್ಲ, ಮಿಡ್‌ಫೀಲ್ಡಿನಲ್ಲಿ ಆಡುತ್ತಿದ್ದ. ಮೊನಾಕೊ ಕ್ಲಬ್ಬಿಗೆ ಹೋದ ಮೇಲೆ ಅಲ್ಲಿದ್ದ ತರಬೇತುದಾರ ಆರ್ಸೆನ್ ವೆಂಗರ್ ಆತನನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಮುಂದೆ ಓಡುವ ಆಸೆಯ ಹುಡುಗನಿಗೆ ‘ನೀನು ಹಿಂದೆ ನಿಲ್ಲು’ ಎಂದರೆ ಆಗುವ ನಿರಾಸೆಯನ್ನು ಶಾಲೆಯ ಮೈದಾನದಲ್ಲಿ ಆಡಿದ ಎಲ್ಲರೂ ಬಲ್ಲರು. ಅಲ್ಲಿ ಹಿಂದೆ ನಿಲ್ಲಿಸುವುದು ಆಡಲು ಬಾರದವರನ್ನು.

ರಾಷ್ಟ್ರೀಯ ತಂಡಕ್ಕೆ ಅವರು ಕಾಲಿಟ್ಟದ್ದು 1994ರ ಆಗಸ್ಟ್ 17ರಂದು, ಬೋರ್ದೊ ನಗರದಲ್ಲಿ, ಜೆಕ್ ಗಣರಾಜ್ಯದ ವಿರುದ್ಧ. ಅದೇ ರಾತ್ರಿ ಇನ್ನೊಬ್ಬ ಹೊಸಬರೂ ಮೊದಲ ಪಂದ್ಯ ಆಡಿದರು. ಎರಡು ಗೋಲು ಹಿಂದಿದ್ದ ತಂಡಕ್ಕೆ ಬದಲಿ ಆಟಗಾರನಾಗಿ ಇಳಿದು, ಎರಡು ಗೋಲು ಹೊಡೆದು ಪಂದ್ಯವನ್ನು ಸಮ ಮಾಡಿದ ಆ ಹೊಸಬರು ನಿಮ್ಮ ಜಿದಾನ್. ಆ ರಾತ್ರಿಯನ್ನು ಫ್ರಾನ್ಸ್ ಇಂದಿಗೂ ಜಿದಾನ್ ಬಂದ ರಾತ್ರಿ ಎಂದೇ ನೆನೆಯುತ್ತದೆ. ತುರಾಮ್ ಬಂದ ರಾತ್ರಿಯೂ ಅದೇ ಎಂಬುದು ಅಂಕಿಅಂಶದ ಪುಸ್ತಕ ತೆರೆದವರಿಗಷ್ಟೇ ಗೊತ್ತು. ಒಬ್ಬರು 108 ಪಂದ್ಯ ಆಡಿದರು, ಇನ್ನೊಬ್ಬರು 142. ಪುರುಷರ ತಂಡದಲ್ಲಿ ಆ 142ರ ದಾಖಲೆಯನ್ನು ದಾಟಲು 2022ರ ವಿಶ್ವಕಪ್‌ವರೆಗೆ ಕಾಯಬೇಕಾಯಿತು. ದಾಟಿದವರು ಯಾರು? ಗೋಲ್‌ಕೀಪರ್ ಯೂಗೊ ಲೋರಿಸ್. ನೋಡಿ, ಅತಿ ಹೆಚ್ಚು ಬಾರಿ ಬೇಕಾದವರು ಹೊಡೆಯುವವರಲ್ಲ, ತಡೆಯುವವರು.

1996ರಿಂದ ಹತ್ತು ವರ್ಷ ಅವರು ಇಟಲಿಯಲ್ಲಿ ಆಡಿದರು, ಐದು ವರ್ಷ ಪಾರ್ಮಾದಲ್ಲಿ, ಐದು ವರ್ಷ ಯುವೆಂಟಸ್‌ನಲ್ಲಿ. ಡಿಫೆಂಡರನೊಬ್ಬನಿಗೆ ಆ ಕಾಲದಲ್ಲಿ ಇಟಲಿಗಿಂತ ಒಳ್ಳೆಯ ಊರಿರಲಿಲ್ಲ. ಅಲ್ಲಿಯ ಪ್ರೇಕ್ಷಕರು ಸರಿಯಾದ ಜಾಗದಲ್ಲಿ ನಿಂತದ್ದಕ್ಕೂ ಚಪ್ಪಾಳೆ ತಟ್ಟಬಲ್ಲವರು. ಪಾರ್ಮಾದಲ್ಲಿ ತುರಾಮ್, ಕನ್ನವಾರೊ, ಸೆನ್ಸಿನಿ ಮೂವರೂ ನಿಂತು, ಹಿಂದೆ ಇಪ್ಪತ್ತರ ಹರೆಯದ ಗೋಲ್‌ಕೀಪರ್ ಬುಫೊನ್ ಇದ್ದ ಕಾಲವನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತುಂಬುತ್ತದೆ. 1999ರ ಮೇ 12ರಂದು ಮಾಸ್ಕೋದಲ್ಲಿ ನಡೆದ, ಯುರೋಪಿನ ಕ್ಲಬ್ಬುಗಳ ಯುಎಫಾ ಕಪ್ ಫೈನಲಿನಲ್ಲಿ ಆ ತಂಡ ಮಾರ್ಸೇಯ್ ವಿರುದ್ಧ 3-0ಯಿಂದ ಗೆದ್ದಿತು. ಆ ಪಂದ್ಯದ ಮೊದಲ ಗೋಲಿಗೆ ದಾರಿಯಾದದ್ದು ಮಾರ್ಸೇಯ್ ಡಿಫೆಂಡರೊಬ್ಬರು ತಮ್ಮ ಗೋಲ್‌ಕೀಪರ್ ಕಡೆಗೆ ತಲೆಯಿಂದ ಕೊಟ್ಟ ಅಳುಕಿನ ಪಾಸು. ಹಿಂದಿನ ವರ್ಷ ತುರಾಮ್ ಪಕ್ಕದಲ್ಲಿ ನಿಂತು ವಿಶ್ವಕಪ್‌ನಲ್ಲಿ ಆಡಿದ್ದ ಲೊರಾಂ ಬ್ಲಾಂ ಅವರೇ ಆ ಡಿಫೆಂಡರ್. ಹೊಡೆಯುವವನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ನಾಯಕನಾಗಬಹುದು, ಆದರೆ ತಡೆಯುವವನು ಒಂದೇ ಒಂದು ಸಲ ಎಡವಿದರೆ ಅದು ಇಪ್ಪತ್ತೈದು ವರ್ಷ ಕಳೆದರೂ ನನ್ನಂಥವನ ಬರಹದಲ್ಲಿ ಹೀಗೆ ಮತ್ತೆ ಎದ್ದುಬರುತ್ತದೆ. ಬ್ಲಾಂ ಅವರ ಕ್ಷಮೆ ಕೋರಿ ಮುಂದುವರಿಯುತ್ತೇನೆ.

2001ರಲ್ಲಿ ಯುವೆಂಟಸ್ ಕ್ಲಬ್ ಜಿದಾನರನ್ನು ರಿಯಲ್ ಮ್ಯಾಡ್ರಿಡ್‌ಗೆ ಆ ಕಾಲಕ್ಕೆ ದಾಖಲೆಯಾದ ಬೆಲೆಗೆ ಮಾರಿತು, ಅದೇ ಬೇಸಿಗೆಯಲ್ಲಿ ಪಾರ್ಮಾದಿಂದ ಬುಫೊನ್ ಮತ್ತು ತುರಾಮ್ ಇಬ್ಬರನ್ನೂ ತಂದಿತು. ಕಲಾವಿದನನ್ನು ಕಳೆದುಕೊಂಡು ಕಾವಲುಗಾರರನ್ನು ಕೊಂಡ ಆ ತಂಡ ಮುಂದಿನ ಎರಡು ವರ್ಷವೂ, 2002 ಮತ್ತು 2003ರಲ್ಲಿ, ಇಟಲಿಯ ಲೀಗ್ ಗೆದ್ದಿತು. 2003ರ ಮೇ 28ರಂದು ಮ್ಯಾಂಚೆಸ್ಟರಿನಲ್ಲಿ ಚಾಂಪಿಯನ್ಸ್ ಲೀಗ್ ಫೈನಲಿಗೂ ಬಂದು, ಮಿಲಾನ್ ವಿರುದ್ಧ 120 ನಿಮಿಷ ಗೋಲಿಲ್ಲದೆ ಆಡಿ, ಪೆನಾಲ್ಟಿ ಶೂಟೌಟಿನಲ್ಲಿ ಸೋತಿತು. ಅದೊಂದು ನೀರಸ ಫೈನಲ್ ಎಂದು ಬಹುಪಾಲು ಜನರ ತೀರ್ಮಾನ. ನನಗಂತೂ ಒಂದು ಕಡೆ ಮಾಲ್ದಿನಿ ಮತ್ತು ನೆಸ್ಟಾ, ಇನ್ನೊಂದು ಕಡೆ ತುರಾಮ್ ಮತ್ತು ಫೆರಾರಾ ಇದ್ದ ಆ ಪಂದ್ಯ ಯಾವ 4-3ರ ಗದ್ದಲಕ್ಕಿಂತಲೂ ರುಚಿಯಾಗಿತ್ತು. ನಿಮಗೆ ನಿದ್ದೆ ಬಂದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ. 2005 ಮತ್ತು 2006ರ ಪ್ರಶಸ್ತಿಗಳನ್ನು ರೆಫರಿ ನೇಮಕದ ಹಗರಣದಲ್ಲಿ ಯುವೆಂಟಸ್ ಕಳೆದುಕೊಂಡಿತು, ಕ್ಲಬ್ಬನ್ನು ಎರಡನೆಯ ದರ್ಜೆಗೆ ಇಳಿಸಿದರು, ತುರಾಮ್ ಬಾರ್ಸಿಲೋನಾಕ್ಕೆ ಹೋದರು. ಅಲ್ಲಿಯ ಎರಡು ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಗೋಲಿನಿಂದಲ್ಲದೆ ಯಾವುದರಿಂದ ಅಳೆಯುವುದು ಎಂದು ಕೇಳಿದಿರಿ. ಮುಂದಿನ ಸಲ ಆಟ ನೋಡುವಾಗ ಒಂದು ಹತ್ತು ನಿಮಿಷ ಚೆಂಡಿನಿಂದ ಕಣ್ಣು ತೆಗೆದು ಡಿಫೆಂಡರನೊಬ್ಬನನ್ನೇ ನೋಡಿ. ಎದುರಾಳಿ ಚೆಂಡು ಹಿಡಿದು ಬರುವಾಗ ಆತ ಕಾಲು ಹಾಕಲು ಆತುರಪಡುವುದಿಲ್ಲ. ಮೈಯನ್ನು ಕೊಂಚ ಓರೆಯಾಗಿ ಇಟ್ಟುಕೊಂಡು, ಎದುರಾಳಿಯ ದುರ್ಬಲ ಕಾಲಿನ ಕಡೆಗೆ ದಾರಿ ಬಿಟ್ಟಂತೆ ಮಾಡಿ, ಹಿಂದೆ ಸರಿಯುತ್ತ ಸರಿಯುತ್ತ ಆತನನ್ನು ಅಂಚಿನ ಗೆರೆಯತ್ತ ನೂಕಿಕೊಂಡು ಹೋಗುತ್ತಾನೆ. ಇನ್ನೊಂದು ಕಣ್ಣು ಪಕ್ಕದವರ ಮೇಲೆ ಇರಬೇಕು, ಏಕೆಂದರೆ ನಾಲ್ವರೂ ಒಟ್ಟಿಗೆ ಮುಂದೆ ಬಂದರೆ ಮಾತ್ರ ಆಫ್‌ಸೈಡ್ ಬಲೆ ಬಿಗಿಯುತ್ತದೆ, ಒಬ್ಬ ತಡಮಾಡಿದರೆ ಸೂಕರ್ ನುಗ್ಗುತ್ತಾನೆ. ಇವೆಲ್ಲ ಸರಿಯಾಗಿ ನಡೆದಾಗ ಎದುರಾಳಿ ಚೆಂಡನ್ನು ಹಿಂದಕ್ಕೆ ಕೊಟ್ಟುಬಿಡುತ್ತಾನೆ, ವೀಕ್ಷಕ ವಿವರಣೆಕಾರರು ಬೇರೇನೋ ಮಾತಾಡುತ್ತಿರುತ್ತಾರೆ. ತುರಾಮ್ ಇದನ್ನು ಎರಡು ಜಾಗಗಳಲ್ಲಿ ಮಾಡಿದವರು. ಅವರ ಇಷ್ಟದ ಜಾಗ ಮಧ್ಯಭಾಗ, ಆದರೆ 1998ರಲ್ಲಿ ತರಬೇತುದಾರ ಎಮೆ ಜಾಕೆ ಅವರಿಗೆ ಬಲಬದಿಯಲ್ಲಿ ಬೇಕಾಗಿದ್ದರು, ಅಲ್ಲಿಯೂ ಆಡಿ ಜಗತ್ತಿನ ಶ್ರೇಷ್ಠರೆನಿಸಿಕೊಂಡರು.

ಇಂಥವರಿಗೆ ಸಿಕ್ಕ ಮನ್ನಣೆ ಎಷ್ಟು? ಯುರೋಪಿನ ಶ್ರೇಷ್ಠ ಆಟಗಾರನಿಗೆಂದು 1956ರಲ್ಲಿ ಫ್ರೆಂಚ್ ಪತ್ರಿಕೆಯೊಂದು ಶುರುಮಾಡಿದ ಬ್ಯಾಲನ್ ಡಿ ಓರ್ ಪ್ರಶಸ್ತಿ ಇಷ್ಟು ದಶಕಗಳಲ್ಲಿ ಡಿಫೆಂಡರ್ ಎನ್ನಬಹುದಾದ ಮೂವರಿಗೆ ಮಾತ್ರ ದಕ್ಕಿದೆ: ಎರಡು ಬಾರಿ ಬೆಕನ್‌ಬವರ್, 1996ರಲ್ಲಿ ಜಾಮರ್, 2006ರಲ್ಲಿ ಕನ್ನವಾರೊ. ಮೊದಲಿನ ಇಬ್ಬರೂ ರಕ್ಷಣೆಯ ಸಾಲಿನಿಂದ ಎದ್ದು ಮುಂದೆ ಓಡುವುದಕ್ಕೆ ಹೆಸರಾದವರು, ಅಂದರೆ ಅಪ್ಪಟ ತಡೆಯುವ ಕೆಲಸಕ್ಕೆ ಸಂದದ್ದು ಕನ್ನವಾರೊಗೆ ಕೊಟ್ಟ ಒಂದೇ. ಮಾಲ್ದಿನಿಗೆ ಇಲ್ಲ, ಬರೇಸಿಗೆ ಇಲ್ಲ, ತುರಾಮ್‌ಗಂತೂ ಇಲ್ಲವೇ ಇಲ್ಲ. ಗೋಲ್‌ಕೀಪರ್‌ಗಳ ಪೈಕಿ 1963ರಲ್ಲಿ ಯಾಶಿನ್ ಒಬ್ಬರೇ. ಹಾಸನದಲ್ಲಿ ಕುಳಿತು ನೀವು ಗೋಲು ಎಣಿಸಿದಿರೆಂದು ನಿಮ್ಮನ್ನೇ ಗದರಿಸುವುದು ಆದ್ದರಿಂದ ನ್ಯಾಯವಲ್ಲ. ಪ್ಯಾರಿಸ್ಸಿನ ಪಂಡಿತರೂ ಅದನ್ನೇ ಎಣಿಸಿಕೊಂಡು ಬಂದಿದ್ದಾರೆ.

2006ಕ್ಕೆ ಬರೋಣ, ಏಕೆಂದರೆ ಜಿದಾನರ ಹೆಸರು ಎತ್ತಿದವರೆಲ್ಲ ಕೊನೆಗೆ ಅಲ್ಲಿಗೇ ಬರುತ್ತಾರೆ. 2004ರ ಯುರೋ ಕಪ್ ಬಳಿಕ ತುರಾಮ್ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದರು. ತಂಡ ತಡಕಾಡತೊಡಗಿದಾಗ, 2005ರ ಆಗಸ್ಟಿನಲ್ಲಿ, ಜಿದಾನ್ ಮತ್ತು ಮಾಕೆಲೆಲೆ ಜೊತೆಗೆ ಮರಳಿದರು. ಜರ್ಮನಿಯ ವಿಶ್ವಕಪ್‌ನಲ್ಲಿ ಅವರಿಗೆ 34 ವರ್ಷ. ಗಾಲಾಸ್ ಜೊತೆ ಮಧ್ಯದಲ್ಲಿ ನಿಂತರು. ಸ್ಪೇನ್ ವಿರುದ್ಧ ಪೆನಾಲ್ಟಿಗೆ ಕಾರಣವಾದ ತಪ್ಪು ಅವರದ್ದೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮುಂದೆ ರೊನಾಲ್ಡೊ, ರೊನಾಲ್ಡಿನ್ಯೊ, ಕಾಕಾ ಮೂವರೂ ಇದ್ದ ಬ್ರೆಜಿಲ್‌ಗೆ ಒಂದು ಗೋಲೂ ಸಿಗಲಿಲ್ಲ, ಸೆಮಿಫೈನಲಿನಲ್ಲಿ ಪೋರ್ಚುಗಲ್‌ಗೂ ಸಿಗಲಿಲ್ಲ. ಆ ಸೆಮಿಫೈನಲನ್ನು ಗೆಲ್ಲಿಸಿದ್ದು ಜಿದಾನರ ಪೆನಾಲ್ಟಿ, ಪಂದ್ಯಶ್ರೇಷ್ಠರಾಗಿ ಆಯ್ಕೆಯಾದವರು ತುರಾಮ್. ಒಂದು ದಿನದ ಮಟ್ಟಿಗಾದರೂ ಯಾರೋ ಸರಿಯಾಗಿ ನೋಡಿದ್ದರು! ಬರ್ಲಿನ್ನಿನ ಫೈನಲಿನಿಂದ ಜನ ನೆನಪಿಟ್ಟುಕೊಂಡದ್ದು ಇಟಲಿಯ ಮಾತೆರಾತ್ಸಿಯ ಎದೆಗೆ ಜಿದಾನ್ ತಲೆಯಿಂದ ಗುದ್ದಿದ್ದನ್ನು. ಏಳು ಪಂದ್ಯಗಳಲ್ಲಿ ಮೂರೇ ಗೋಲು ಬಿಟ್ಟುಕೊಟ್ಟ ಆ ರಕ್ಷಣೆ ಯಾರ ನೆನಪಿನಲ್ಲಿ ಉಳಿದಿದೆ?

ಕೊನೆ ಮಾತ್ರ ಕಹಿಯಾಗಿತ್ತು. 2008ರ ಯುರೋ ಕಪ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ 4-1ರ ಸೋಲು ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ವಯಸ್ಸು ಕಾಲಿಗೆ ಇಳಿದಿತ್ತು, ಅದನ್ನು ಯಾವ ಅಭಿಮಾನವೂ ಅಲ್ಲಗಳೆಯಲಾರದು. ಆ ಬೇಸಿಗೆಯಲ್ಲೇ ಪ್ಯಾರಿಸ್ ಸಾಂ ಜೆರ್ಮೆಂ ಸೇರಲು ಹೊರಟಾಗ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ದೋಷವೊಂದು ಪತ್ತೆಯಾಗಿ, ಆಡುವುದನ್ನೇ ನಿಲ್ಲಿಸಿದರು.

ಇನ್ನು ನಿಮ್ಮ ಎರಡನೆಯ ಆಕ್ಷೇಪ: ಆಟಗಾರ ಆಡಿದರೆ ಸಾಕು. ಇದಕ್ಕೆ ಉತ್ತರಿಸುವಾಗ ನನ್ನ ದನಿ ಸ್ವಲ್ಪ ಏರಿದರೆ ಮನ್ನಿಸಬೇಕು. ಒಂಬತ್ತು ವರ್ಷದ ಹುಡುಗ ಗ್ವಾದೆಲೂಪಿನಿಂದ ಪ್ಯಾರಿಸ್ ಸೀಮೆಗೆ ಬಂದಾಗ, ಆ ಕಾಲದ ಫ್ರೆಂಚ್ ದೂರದರ್ಶನದ ಕಾರ್ಟೂನೊಂದರಲ್ಲಿ ಬರುತ್ತಿದ್ದ ಪೆದ್ದು ಕರಿಯ ಹಸುವಿನ ಹೆಸರಿಟ್ಟು ಶಾಲೆಯ ಮಕ್ಕಳು ಆತನನ್ನು ಕರೆಯತೊಡಗಿದರು. ತಾನು ಕರಿಯನೆಂದು ತನಗೆ ಗೊತ್ತಾದದ್ದೇ ಆಗ ಎಂದು ತುರಾಮ್ ಅನೇಕ ಸಲ ಹೇಳಿಕೊಂಡಿದ್ದಾರೆ. ಅವರಿಗೆ ವರ್ಣಭೇದ ಎಂಬುದು ನಿವೃತ್ತಿಯ ನಂತರ ಹೊತ್ತು ಕಳೆಯಲು ಹಿಡಿದ ವಿಷಯವಲ್ಲ, ಚೆಂಡಿಗಿಂತ ಮೊದಲೇ ಕಾಲಿಗೆ ತೊಡರಿದ್ದು. ಅಂದಹಾಗೆ, ‘ಮೈದಾನದಲ್ಲಿ ರಕ್ಷಣೆ ಮಾಡಿದವರು ಈಗ ಸಮಾಜದಲ್ಲಿ ರಕ್ಷಣೆ ಮಾಡುತ್ತಿದ್ದಾರೆ’ ಎಂಬ ಚಮತ್ಕಾರದ ಸಾಲು ನಮ್ಮ ಲೇಖನದ ಮೊದಲ ಕರಡಿನಲ್ಲಿತ್ತು. ನಾನೇ ಹೊಡೆದು ಹಾಕಿದೆ.

ಆಡುತ್ತಿದ್ದಾಗಲೂ ಅವರು ಸುಮ್ಮನಿದ್ದವರಲ್ಲ. 2005ರಲ್ಲಿ ಪ್ಯಾರಿಸ್ ಹೊರವಲಯದ ಬಡಾವಣೆಗಳ ಯುವಕರನ್ನು ಆಗಿನ ಗೃಹ ಸಚಿವ ನಿಕೊಲಾ ಸರ್ಕೋಜಿ ಪುಂಡರ ಗುಂಪೆಂದು ಜರೆದರು, ಆ ಬಳಿಕ ಬಡಾವಣೆಗಳು ಗಲಭೆಯಲ್ಲಿ ಹೊತ್ತಿ ಉರಿದವು. ಆಗ ತುರಾಮ್, ತಾನೂ ಅಂಥದ್ದೇ ಬಡಾವಣೆಯಲ್ಲಿ ಬೆಳೆದವನು, ತನ್ನನ್ನೂ ಹಾಗೆಯೇ ಕರೆಯುತ್ತಿದ್ದರು ಎಂದು ಬಹಿರಂಗವಾಗಿಯೇ ಉತ್ತರಿಸಿದರು. 2006ರಲ್ಲಿ ಕಾಶಾಂ ಎಂಬಲ್ಲಿ ಖಾಲಿ ಕಟ್ಟಡದಿಂದ ಪೊಲೀಸರು ಹೊರಹಾಕಿದ ವಲಸಿಗರಲ್ಲಿ ಹತ್ತಾರು ಜನರನ್ನು ಸಹ ಆಟಗಾರ ವಿಯೆರಾ ಜೊತೆಗೂಡಿ ಫ್ರಾನ್ಸ್-ಇಟಲಿ ಪಂದ್ಯ ನೋಡಲು ಆಹ್ವಾನಿಸಿದರು. ಮಂತ್ರಿಗಳಿಗೆ ಸಿಟ್ಟು ಬಂದಿತು. ತಂಡದಲ್ಲಿ ಕರಿಯರು ಹೆಚ್ಚಾದರೆಂದು ತೀವ್ರ ಬಲಪಂಥೀಯ ನಾಯಕ ಲೆ ಪೆನ್ ಗೊಣಗಿದಾಗಲೂ ಉತ್ತರ ಕೊಟ್ಟದ್ದು ಈ ಡಿಫೆಂಡರೇ. ಆಟ ಬಿಟ್ಟ ವರ್ಷ, ಮಕ್ಕಳಿಗೆ ಈ ವಿಷಯ ತಿಳಿಸಿಕೊಡಲೆಂದೇ ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿದರು.

2011ರಲ್ಲಿ ಪ್ಯಾರಿಸ್ಸಿನ ಕೆ ಬ್ರಾನ್ಲಿ ವಸ್ತುಸಂಗ್ರಹಾಲಯದಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಒಂದು ಪ್ರದರ್ಶನ ನಡೆಯಿತು. ವಸಾಹತುಗಳ ಮನುಷ್ಯರನ್ನು ಯುರೋಪಿನ ನಗರಗಳಿಗೆ ತಂದು, ಮೃಗಗಳಂತೆ ಬೇಲಿಯೊಳಗಿಟ್ಟು ತೋರಿಸುತ್ತಿದ್ದ ಕಾಲದ ಚಿತ್ರಗಳು, ಭಿತ್ತಿಪತ್ರಗಳು ಅಲ್ಲಿದ್ದವು. 1998ರಲ್ಲಿ ಡೆನ್ಮಾರ್ಕ್ ವಿರುದ್ಧ ತುರಾಮ್ ಬದಲಿಗೆ ಬಲಬದಿಯಲ್ಲಿ ಆಡಿದ ಕ್ರಿಸ್ತಿಯಾಂ ಕರೆಂಬೊ ನೆನಪಿದ್ದಾರೆಯೇ? ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದವರು. ಅವರ ಮುತ್ತಜ್ಜನನ್ನು 1931ರಲ್ಲಿ ಪ್ಯಾರಿಸ್ಸಿನಲ್ಲಿ ನರಭಕ್ಷಕನೆಂದು ಹೇಳಿ ಜನರ ಮುಂದೆ ಪ್ರದರ್ಶಿಸಿದ್ದರು. ಮರಿಮಗ ಅದೇ ದೇಶದ ಅಂಗಿ ತೊಟ್ಟು ವಿಶ್ವಕಪ್ ಗೆದ್ದರು, ರಾಷ್ಟ್ರಗೀತೆಯ ಹೊತ್ತಿನಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ಇದನ್ನೆಲ್ಲ ಒಂದು ಪುಟದಲ್ಲಿ ಮುಗಿಸಿದ್ದು ಹೆಚ್ಚಾಯಿತೇ, ಕಡಿಮೆಯಾಯಿತೇ, ನೀವೇ ಹೇಳಿ.

ನಮ್ಮಲ್ಲಿ ಆಟಗಾರರಿಂದ ನಾವು ಕೇಳುವುದು ಹಸ್ತಾಕ್ಷರ, ಸೆಲ್ಫಿ ಮತ್ತು ಬನಿಯನ್ನಿನಿಂದ ಸಿಮೆಂಟಿನವರೆಗಿನ ಜಾಹೀರಾತು. ಸಿಮೆಂಟಿನ ಗುಣಮಟ್ಟದ ಬಗ್ಗೆ ಆಟಗಾರ ಮಾತಾಡಿದಾಗ ‘ಆಟವಾಡಿಕೊಂಡಿರು’ ಎಂದು ಯಾರೂ ಪತ್ರ ಬರೆಯುವುದಿಲ್ಲ. ತಾನು ಹುಟ್ಟಿ ಬೆಳೆದ ಕೇರಿಯ ಬಗ್ಗೆ ಮಾತಾಡಿದರೆ ತಕ್ಷಣ ಅಂಚೆಪೆಟ್ಟಿಗೆ ತುಂಬುತ್ತದೆ. ಕ್ರೀಡಾಪುಟಗಳೂ ಈ ರೋಗಕ್ಕೆ ಮದ್ದು ಕೊಡುವ ಬದಲು ನಂಜೇ ಉಣಿಸುತ್ತಿವೆ. ಗೋಲು ಹೊಡೆದವರ ಹೆಸರು, ನಿಮಿಷ, ಒಂದು ಚಿತ್ರ, ವರದಿ ಮುಗಿಯಿತು. ದಿನಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿದ್ದ ಗೆಳೆಯರೊಬ್ಬರು 0-0 ಪಂದ್ಯದ ವರದಿಯನ್ನು ನಾಲ್ಕು ಸಾಲಿಗೆ ಇಳಿಸುವಾಗ ಹೇಳುತ್ತಿದ್ದರು: ಏನೂ ನಡೆಯಲಿಲ್ಲವಲ್ಲ, ಏನು ಬರೆಯಲಿ? ತೊಂಬತ್ತು ನಿಮಿಷ ಇಪ್ಪತ್ತೆರಡು ಜನ ಓಡಿದ್ದು ಅವರ ಲೆಕ್ಕದಲ್ಲಿ ಏನೂ ಅಲ್ಲ. ಹೀಗೆ ಓದಿಸಿ ಓದಿಸಿ ಬೆಳೆಸಿದ ಓದುಗರು ಗೋಲನ್ನೇ ಕೇಳಿದರೆ ತಪ್ಪು ಅವರದ್ದಲ್ಲ, ನಮ್ಮ ಕಸುಬಿನವರದ್ದು.

ಇಷ್ಟಾದರೂ ನಿಮಗೆ ಗೋಲೇ ಬೇಕೆಂದಾದರೆ, ಆ ಮನೆತನ ನಿಮ್ಮನ್ನು ನಿರಾಸೆಗೊಳಿಸುವುದಿಲ್ಲ. ತುರಾಮ್ ಪಾರ್ಮಾದಲ್ಲಿ ಆಡುತ್ತಿದ್ದಾಗ ಆ ಊರಲ್ಲೇ ಹುಟ್ಟಿದ ಹಿರಿಯ ಮಗನಿಗೆ ಕರಿಯರ ಹಕ್ಕುಗಳ ಹೋರಾಟಗಾರ ಮಾರ್ಕಸ್ ಗಾರ್ವಿಯ ಹೆಸರಿಟ್ಟರು. ಕಿರಿಯ ಮಗ ಕೆಫ್ರೆನ್ ತಂದೆಯ ಹಳೆಯ ಕ್ಲಬ್ ಯುವೆಂಟಸ್‌ನಲ್ಲಿ ಮಿಡ್‌ಫೀಲ್ಡರ್ ಆದರು. ಮಾರ್ಕಸ್ ಮಾತ್ರ ಫಾರ್ವರ್ಡ್, ಅಂದರೆ ನಿಮ್ಮ ಪಕ್ಷದವರು. 2024ರ ಏಪ್ರಿಲ್ 22ರಂದು ಮಿಲಾನ್ ವಿರುದ್ಧ ಗೋಲು ಹೊಡೆದು, ಇಂಟರ್ ಕ್ಲಬ್ಬಿಗೆ ಲೀಗ್ ಪ್ರಶಸ್ತಿ ಖಚಿತಪಡಿಸಿದ ಪಂದ್ಯದಲ್ಲಿ ಮಿಂಚಿದರು. ಅವರ ಬಗ್ಗೆ ನೀವೇ ಒಂದು ಲೇಖನ ಬರೆದು ಕಳುಹಿಸಿ, ಸಂತೋಷದಿಂದ ಪ್ರಕಟಿಸುತ್ತೇನೆ. ಆದರೆ ಮೊದಲೇ ಎಚ್ಚರಿಸಿರುತ್ತೇನೆ: ಅದೇ ವರ್ಷದ ಜೂನ್‌ನಲ್ಲಿ, ಯುರೋ ಕಪ್ ನಡೆಯುತ್ತಿರುವಾಗಲೇ, ಪತ್ರಿಕಾಗೋಷ್ಠಿಯಲ್ಲಿ ಕುಳಿತು, ತಮ್ಮ ದೇಶದ ಚುನಾವಣೆಯಲ್ಲಿ ತೀವ್ರ ಬಲಪಂಥೀಯರು ಗೆಲ್ಲದಂತೆ ಹೋರಾಡಬೇಕು, ಎಲ್ಲರೂ ಮತ ಹಾಕಬೇಕು ಎಂದು ಬಿಡಿಸಿ ಹೇಳಿದವರಲ್ಲಿ ಅವರೂ ಒಬ್ಬರು. ಅದಕ್ಕೂ ಲೇಖನದಲ್ಲಿ ಜಾಗ ಬಿಟ್ಟುಕೊಂಡಿರಿ.